ಪಾಲಿಗೆ ಕೊಟ್ಟ ಹೊಲ

ಕಾವ್ಯಗಳನ್ನೋದಿ ಶರತ್ಕಾಲವನ್ನು ಬಲ್ಲವರಿಗೆ ಅದು ಹಂಸಗಳ, ಕಾಶಪುಷ್ಪಗಳ, ನಿರ್ಮಲವಾದ ಆಕಾಶದ ಕಾಲ. ಕಾಳಿದಾಸನಂತೂ ಋತುಸಂಹಾರದಲ್ಲಿ ಅದನ್ನು ನವವಧುವಾಗಿಯೇ ಕಂಡಿದ್ದಾನೆ. ಮಲಪ್ರಭೆಯ ಎರಿಭೂಮಿಯಲ್ಲಿ ಹುಟ್ಟಿ ಬೆಳೆದವರಿಗಾದರೋ ಅದು ಉತ್ತರಿ, ಹಸ್ತ, ಚಿತ್ತಿ ಮಳೆಗಳ ಲೆಕ್ಕಾಚಾರದ ಕಾಲ. ಮುಂಗಾರಿಯ ಫಸಲು ಮನೆಗೆ ಬರುವ ಮೊದಲೇ ಹಿಂಗಾರಿಯ ಬೀಜವನ್ನು ಹೊರತೆಗೆಯಬೇಕಾದ ಅವಸರದ ಕಾಲ. ಮತ್ತು ಭೂಮಿ ಇಲ್ಲಿ ನವವಧುವಲ್ಲ, ತುಂಬಿದ ಬಸುರಿ. ಅದಕ್ಕೆಂದೇ ಆಶ್ವೀಜದ ಹುಣ್ಣಿಮೆಯಂದು, ಜನ ಶೀಗಿ ಹುಣ್ಣಿವಿ ಎಂದು ಕರೆಯುವ ಆ ದಿನ, ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ ಆಕೆಗೆ ಬಯಕೆಯೂಟವನ್ನು ಬಡಿಸುವ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲುವ ಪದ್ಧತಿಯು ನಮ್ಮ ಕಡೆಯಲ್ಲಿ ಇನ್ನೂ ಅಳಿದಿಲ್ಲ.

ಅಂಥದೊಂದು ಹುಣ್ಣಿಮೆಯ ಮಧ್ಯಾಹ್ನ, ಬೈಲಹೊಂಗಲದಿಂದ ಸವದತ್ತಿಯ ದಿಕ್ಕಿಗೆ ಹೋಗುವ ರಸ್ತೆಯ ಪಕ್ಕದ ಹೊಲದಲ್ಲಿ, ಬನ್ನಿಗಿಡದ ಕೆಳಗೆ ಮೂವರು ಊಟ ಮುಗಿಸಿ ಕುಳಿತಿದ್ದರು: ಹೈಸ್ಕೂಲಿನಿಂದ ನಿವೃತ್ತರಾದ ಮಾಸ್ತರರು, ಕಂದಾಯ ಇಲಾಖೆಯಿಂದ ನಿವೃತ್ತರಾದ, ರಾಮದುರ್ಗದ ಶಿರಸ್ತೇದಾರರು, ಮತ್ತು ಹೊಲದ ಒಡತಿಯಾದ, ಮಾಸ್ತರರ ಹಿರಿಯ ಅಕ್ಕ. ಗಂಡಸರಿಬ್ಬರೂ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಒಡನೋದಿದವರು. ಫೈಲು ಮತ್ತು ಪಾಠಗಳ ದೆಸೆಯಿಂದ ಅವರ ಮಾತು ಗ್ರಂಥಕ್ಕೆ ಹತ್ತಿರವಾಗಿದೆ. ಅಕ್ಕನ ಮಾತಿಗೆ ಆ ಉಪಾಧಿಯಿಲ್ಲ. ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲುಗಳು ಪಾಂಡವರಾಗಿ ನಿಂತಿದ್ದವು. ಅವರ ಬೆನ್ನ ಹಿಂದೆ ಆರನೆಯದೊಂದು ಸಣ್ಣ ಕಲ್ಲು, ಅದು ಕಳ್ಳ. ಅಕ್ಕ ಪೂಜೆಯ ಹೊತ್ತಿಗೆ ಅವನಿಗೂ ಅರಿಷಿಣ ಹಚ್ಚಿ, ಕಡಬಿನ ಒಂದು ತುಣುಕನ್ನು ಮುಂದಿಟ್ಟಿದ್ದಳು. ಹತ್ತಿಯು ಕಾಯಿಗಟ್ಟಿತ್ತು, ತೊಗರಿಯು ಹೂವಿಗೆ ಬಂದಿತ್ತು, ಸೋಯಾ ಕಿತ್ತ ಪಟ್ಟಿಯು ಕಡಲೆಗಾಗಿ ಕಾದಿತ್ತು.

ಶಿರಸ್ತೇದಾರರು: ಮಾಸ್ತರೆ, ಉಂಡ ಮನೆಯಲ್ಲಿ ಆಡಬಾರದ ಮಾತೊಂದನ್ನು ಆಡುತ್ತೇನೆ. ಇಂದು ಬೆಳಿಗ್ಗೆ ನಿಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕುಳಿತಾಗ ತುಂತುರು ಬಂದಿತಲ್ಲ, ಅದರಿಂದ ನನಗಾದ ಸುಖವನ್ನು ಏನೆಂದು ಹೇಳಲಿ! ಬಶಿಯಲ್ಲಿ ಚಹಾ, ಮಾಳಿಗೆಯ ಸೂರಿನಿಂದ ಇಳಿಯುವ ಹನಿ, ಎಲ್ಲಿಗೂ ಹೋಗಬೇಕಾಗಿಲ್ಲವೆಂಬ ನಿಶ್ಚಿಂತೆ. ಅಷ್ಟರಲ್ಲಿ ನಿಮ್ಮ ನೆರೆಯವನೊಬ್ಬ ಟಾರ್ಪಾಲನ್ನು ಹೆಗಲಿಗೆ ಹಾಕಿಕೊಂಡು ಓಡಿದ. ಕೊಯ್ದ ಸೋಯಾ ಅವನ ಹೊಲದಲ್ಲಿ ಬಿದ್ದಿದೆ. ತೊಯ್ದರೆ ಕಾಳು ಕಪ್ಪಾಗುತ್ತದೆ, ಪೇಟೆಯಲ್ಲಿ ಅದನ್ನು ಮುಟ್ಟುವವರಿಲ್ಲ. ಮಳೆ ಒಂದೇ. ಅವನಿಗೆ ಅದು ಕುತ್ತು, ನನಗೆ ಚಹಾದ ಜೊತೆಯ ನಂಚಿಗೆ. ಯಾವುದರಲ್ಲಿ ನನ್ನದೆಂಬುದು ಏನೂ ಪಣಕ್ಕಿಲ್ಲವೋ ಅದರಿಂದ ಬರತಕ್ಕ ಸುಖವು ಸುಖವೆ, ಅಥವಾ ಪರರ ತಟ್ಟೆಯಿಂದೆತ್ತಿದ ತುತ್ತೆ?

ಮಾಸ್ತರರು: ಸಾಹೇಬರೆ, ನೀವು ಕುತ್ತೆಂದು ಕರೆಯುವ ಈ ಅಂತರವನ್ನೇ ನಮ್ಮ ಆಲಂಕಾರಿಕರು ರಸದ ಬಾಗಿಲೆಂದು ಕರೆದರು. ಭಟ್ಟನಾಯಕನು ಹೇಳಿದ, ಅಭಿನವಗುಪ್ತನು ಬೆಳೆಸಿದ ಸಾಧಾರಣೀಕರಣವೆಂಬುದು ಇದೇ ಅಲ್ಲವೆ? ಇದು ನನ್ನದು, ಇದು ಪರರದು, ಇದರಿಂದ ನನಗೆ ಲಾಭ, ಇದರಿಂದ ಹಾನಿ ಎಂಬ ಗಂಟುಗಳು ಬಿಚ್ಚಿಕೊಂಡಾಗಲೇ ಅನುಭವವು ಆಸ್ವಾದವಾಗುವುದು. ನಮ್ಮ ಏಣಗಿ ಬಾಳಪ್ಪನವರನ್ನು ನೆನೆಯಿರಿ. ಸವದತ್ತಿಯ ಸೀಮೆಯ ಹಳ್ಳಿಯಲ್ಲಿ 1914ರಲ್ಲಿ ಹುಟ್ಟಿ, ನೂರನ್ನು ದಾಟಿ ಬಾಳಿ, 2017ರಲ್ಲಿ ತೀರಿಕೊಂಡ ಆ ಮಹಾನಟರು ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನಾಗಿ ರಂಗಕ್ಕೆ ಬಂದರೆ ಸಭೆಯು ಕಣ್ಣೊರೆಸಿಕೊಳ್ಳುತ್ತಿತ್ತು. ಅಳುವವನು ಏನನ್ನೂ ಕಳೆದುಕೊಂಡಿರಲಿಲ್ಲ. ಆದಕಾರಣ ಅವನ ಅಳು ಸುಳ್ಳೆನ್ನಲಾದೀತೆ? ನಿವೃತ್ತನಾದವನು ಲೋಕಕ್ಕೆ ಸಹೃದಯನಾಗುತ್ತಾನೆ. ಘಂಟೆ ಹೊಡೆಯುವವರೆಗೆ ಪಾಠ ಮುಗಿಸಬೇಕೆಂಬ ಧಾವಂತದಲ್ಲಿ ನಾನು ಒಂದು ಶರದೃತುವನ್ನಾದರೂ ಕಿಟಕಿಯಾಚೆ ಕಂಡವನಲ್ಲ. ಸಹಾಮಾಹಿ ಪರೀಕ್ಷೆಯ ಪತ್ರಿಕೆಗಳ ರಾಶಿಯೇ ನನ್ನ ಆಶ್ವೀಜವಾಗಿತ್ತು.

ಶಿರಸ್ತೇದಾರರು: ನಾಟಕ ನೋಡಲು ಕುಳಿತವನಿಗೆ, ಪರದೆ ಬಿದ್ದ ಮೇಲೆ ಬಿಜ್ಜಳನೂ ಬಸವಣ್ಣನೂ ಒಂದೇ ಪಂಕ್ತಿಯಲ್ಲಿ ಉಣ್ಣುವರೆಂಬುದು ಗೊತ್ತು. ಮಳೆಗೆ ಪರದೆಯಿಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಜಲಾಶಯವು ತುಂಬಿ, ಬಾಗಿಲುಗಳನ್ನು ತೆರೆದು ನೀರು ಬಿಡಬೇಕಾಯಿತು. ನಿಮ್ಮ ಸವದತ್ತಿಯ ಕಡೆಯವರು ಛತ್ರಿ ಹಿಡಿದು ನೋಡಲು ಹೋದರು. ನೋಡತಕ್ಕ ದೃಶ್ಯವೇ ಅದು, ಎರಡು ಗುಡ್ಡಗಳ ನಡುವಣ ಆ ಇಕ್ಕಟ್ಟಿನಲ್ಲಿ ಮಲಪ್ರಭೆಯು ನೊರೆಯಾಗಿ ನುಗ್ಗುವ ವೈಭವ. ಕೆಳಗೆ ಮುನವಳ್ಳಿಯಲ್ಲಿ, ಸುರೇಬಾನದಲ್ಲಿ, ನಮ್ಮ ರಾಮದುರ್ಗದಲ್ಲಿ ಅದೇ ನೀರು ಮನೆಗಳನ್ನು ಹೊಕ್ಕಿತು. ನಾನು ನೇಕಾರರೊಬ್ಬರ ಮನೆಗೆ ಹೋಗಿದ್ದೆ. ನೀರಿಳಿದಿತ್ತು, ಆದರೆ ಮಗ್ಗದ ಕುಣಿ, ಕಾಲಿಳಿಬಿಟ್ಟು ಕುಳಿತು ತುಳಿಯುವ ಆ ತಗ್ಗು, ಅಂಚಿನವರೆಗೆ ಕೆಸರು ನೀರಿನಿಂದ ತುಂಬಿತ್ತು. ಮೇಲೆ ಅರ್ಧ ನೇಯ್ದ ಸೀರೆಯ ಹಾಸು ಬಿಗಿದಂತೆಯೇ ಇತ್ತು. ಮುದುಕ ಯಜಮಾನನು ಚಂಬಿನಿಂದ ಒಂದೊಂದಾಗಿ ನೀರು ಮೊಗೆದು ಹೊರಗೆ ಚೆಲ್ಲುತ್ತಿದ್ದ. ಅಂದಿನಿಂದ, ಜಲಾಶಯವು ತನ್ನ ಪೂರ್ಣ ಮಟ್ಟವಾದ 2079.50 ಅಡಿಯನ್ನು ಮುಟ್ಟಿತೆಂದು ಪತ್ರಿಕೆಯಲ್ಲಿ ಓದಿದಾಗ ಊರಿಗೆಲ್ಲ ಹರ್ಷವಾದರೆ ನನಗೆ ಆ ಚಂಬು ನೆನಪಾಗುತ್ತದೆ. ನಿಮ್ಮ ಸಾಧಾರಣೀಕರಣವನ್ನು ಆ ಕುಣಿಯೊಳಗೆ ಇಳಿಸಿ ತೋರಿಸಿರಿ, ನೋಡೋಣ.

ಅಕ್ಕ: ನೀವಿಬ್ರೂ ಮಳಿ ಅಂದ್ರ ಒಂದ ಅಂತ ತಿಳಕೊಂಡು ಮಾತಾಡಾಕತ್ತೀರಿ. ಉತ್ತರಿ ಮಳಿ ವಾಸನಿ ಒಂದು, ಚಿತ್ತಿ ಮಳಿ ವಾಸನಿ ಇನ್ನೊಂದು. ಅದಿರಲಿ. ಹೊಲ ನನ್ನ ಕೈಯಾಗ ಇದ್ದಾಗ ರಾತ್ರಿ ಹಂಚಿನ ಮ್ಯಾಲ ಸಪ್ಪಳಾದ್ರ ಎದ್ದು ಕುಂದರತಿದ್ದೆ. ಹೆದರಿಕಿನೂ ಇರತಿತ್ತು, ಖುಷಿನೂ ಇರತಿತ್ತು; ಇದು ಯಾವುದು, ಅದು ಯಾವುದು ಅಂತ ಬ್ಯಾರೆ ಮಾಡಾಕ ಬರತಿದ್ದಿಲ್ಲ. ಈಗ ಮೊಣಕಾಲು ಕೇಳವಲ್ವು ಅಂತ ಪಾಲಿಗಿ ಕೊಟ್ಟೇನಿ. ಮಳಿ ಬಂದ್ರ ಈಗೂ ಎದ್ದು ಕುಂದರತೀನಿ. ಎದ್ದು ಮಾಡೂದೇನೈತಿ? ಏನೂ ಇಲ್ಲ. ಆದ್ರ ನಿದ್ದಿ ಹತ್ತೂದಿಲ್ಲ.

ಮಾಸ್ತರರು: ಅದು ಅಭ್ಯಾಸಬಲ, ಅಕ್ಕಾ. ಹಳೆಯ ಎತ್ತು ನೊಗವಿಲ್ಲದಿದ್ದರೂ ಕೊರಳು ಬಾಗಿಸುತ್ತದೆ.

ಅಕ್ಕ: ಎತ್ತಿಗಿ ನನ್ನ ಹೋಲಿಸಬ್ಯಾಡ, ತಮ್ಮಾ. ಅಭ್ಯಾಸ ಅಂದ್ರ ಹಳೇದು ಇರಬೇಕಲ್ಲ? ಹೊಸಾದೂ ಒಂದು ಬಂದೈತಿ. ಬದುವಿನ ಮ್ಯಾಲಿನ ಗುರೆಳ್ಳು ಇಷ್ಟು ಹಳದಿ ಆಗತೈತಿ ಅಂತ ನನಗ ಗೊತ್ತಾಗಿದ್ದು ಹೊಲ ಕೊಟ್ಟ ಮ್ಯಾಲ. ಅಲ್ಲೀತನಕಾ ನಾ ಅದನ್ನ ಚಟ್ನಿ ಅಂತ ನೋಡತಿದ್ದೆ.

ಶಿರಸ್ತೇದಾರರು: (ನಕ್ಕು) ಮಾಸ್ತರೆ, ನಿಮ್ಮ ಭಟ್ಟನಾಯಕನ ಗ್ರಂಥವು ಲುಪ್ತವಾಯಿತೆಂದು ವಿದ್ವಾಂಸರು ಮರುಗುವರಂತೆ, ಅವರನ್ನು ಈ ಬದುವಿಗೆ ಕಳಿಸಬಹುದು.

ಮಾಸ್ತರರು: ನೀವು ನಗುತ್ತೀರಿ; ಆದರೆ ನನ್ನ ಪಕ್ಷವನ್ನೇ ಆಕೆ ಗಟ್ಟಿಗೊಳಿಸಿದಳು. ಹೊಲದ ಹೊಣೆ ಇಳಿದ ಮೇಲೆ ಹೂವು ಕಂಡಿತು.

ಶಿರಸ್ತೇದಾರರು: ಹೊಣೆ ಇಳಿದ ಮೇಲೆ ನಿದ್ರೆಯೂ ಬಂದಿದ್ದರೆ ಹಾಗೆನ್ನಬಹುದಾಗಿತ್ತು. ಹೂವು ಕಂಡಿತು, ನಿದ್ರೆ ಬರಲಿಲ್ಲ. ಎರಡನ್ನೂ ಕೂಡಿಸಿ ವಿವರಿಸಬೇಕಾದ್ದು ನಿಮ್ಮ ಭಾರ. ನನ್ನ ಕಷ್ಟವಾದರೋ ಬೇರೆ. ಸರಕಾರವು ನನ್ನನ್ನು ಮನೆಗೆ ಕಳುಹಿಸಿದ್ದು ಯಾವ ಲಕ್ಷಣವನ್ನು ನೋಡಿ? ಮನುವು ಗೃಹಸ್ಥನಿಗೆ ವರ್ಷದ ಗಡುವು ಹಾಕಲಿಲ್ಲ. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ಮಗನ ಮಗನ ಮುಖ ಇವನ್ನು ಕಂಡಾಗ ಕಾಡಿಗೆ ಹೋಗೆಂದ. ಜರ್ಮನಿಯಲ್ಲಿ ಬಿಸ್ಮಾರ್ಕನ ಆಡಳಿತವು 1889ರಲ್ಲಿ ವೃದ್ಧರ ವೇತನದ ಕಾಯಿದೆಯನ್ನು ತಂದಾಗ ಎಪ್ಪತ್ತೆಂಬ ಅಂಕೆಯನ್ನಿಟ್ಟಿತು; ನಮ್ಮ ರಾಜ್ಯದಲ್ಲಿ ಅದು ಅರುವತ್ತು. ಅದಾದರೂ ನನ್ನ ಅರುವತ್ತೆ? ಜನ್ಮದಿನಾಂಕವನ್ನರಿಯದ ತಂದೆಯು ಶಾಲೆಗೆ ಕರೆದುಕೊಂಡು ಹೋದ, ಮಾಸ್ತರರು ನನ್ನ ಎತ್ತರವನ್ನು ನೋಡಿ ಜೂನ್ 1 ಎಂದು ಬರೆದುಕೊಂಡರು. ನಮ್ಮ ಪೀಳಿಗೆಯ ಅರ್ಧ ಕರ್ನಾಟಕವೇ ಜೂನ್ ಒಂದಕ್ಕೆ ಹುಟ್ಟಿದೆ. ಮೇ 31ಕ್ಕೆ ಹಾರ ಹಾಕಿಸಿಕೊಂಡು ಮನೆಗೆ ಬಂದಿದೆ. ಒಬ್ಬ ಮಾಸ್ತರರ ಲೇಖಣಿಯ ಅಂದಾಜು ನನ್ನ ವಾನಪ್ರಸ್ಥ!

ಮಾಸ್ತರರು: ಆ ಲೇಖಣಿ ನನ್ನ ಕೈಯಲ್ಲಿಯೂ ಇತ್ತು. ಎಷ್ಟು ಜನರಿಗೆ ನಾನು ಜಾತಕ ಬರೆದಿರುವೆನೋ! ಇರಲಿ. ಅವಧಿಯು ಕೃತಕವಾದರೂ ಬಿಡುವು ನಿಜವಾದುದು. ರೋಮಿನ ಸಿಸೆರೋ ಕ್ರಿ. ಪೂ. 44ರಲ್ಲಿ ಮುಪ್ಪನ್ನು ಕುರಿತು ಒಂದು ಸಂವಾದವನ್ನು ಬರೆದ. ಅದರಲ್ಲಿ ಎಂಬತ್ತು ದಾಟಿದ ಕೇಟೋ ಎಂಬ ಹಿರಿಯನು ಇಬ್ಬರು ತರುಣರಿಗೆ ಮುಪ್ಪಿನ ಸುಖಗಳನ್ನು ಎಣಿಸುತ್ತ, ಬೇಸಾಯದ ಮಾತು ಬಂದೊಡನೆ ತನ್ನನ್ನೇ ಮರೆಯುತ್ತಾನೆ. ಬೀಜವು ಬಿರಿಯುವುದು, ದ್ರಾಕ್ಷಿಯ ಬಳ್ಳಿಯು ಕೈಚಾಚಿ ಆಸರೆ ಹಿಡಿಯುವುದು, ಇವುಗಳಿಗೆ ಮುಪ್ಪು ಅಡ್ಡಬರುವುದಿಲ್ಲವೆನ್ನುತ್ತಾನೆ. ಈ ಬನ್ನಿಯ ನೆರಳಿನಲ್ಲಿ ಅವನನ್ನು ಕೂಡಿಸಿ ಎಣ್ಣಿಹೋಳಿಗೆ ಬಡಿಸಿದರೆ ಏಳುತ್ತಿರಲಿಲ್ಲ.

ಶಿರಸ್ತೇದಾರರು: ಅದೇ ಕೇಟೋ ತಾನೇ ಬರೆದ ಬೇಸಾಯದ ಪುಸ್ತಕವೂ ಉಳಿದಿದೆ. ಮುದಿ ಎತ್ತನ್ನೂ, ಮುದಿ ಗುಲಾಮನನ್ನೂ, ರೋಗಿಯಾದ ಗುಲಾಮನನ್ನೂ ಮಾರಿಬಿಡಬೇಕೆಂದು ಒಡೆಯನಿಗೆ ಅದರಲ್ಲಿ ಉಪದೇಶವುಂಟು. ಒಡೆಯನ ಮುಪ್ಪು ದ್ರಾಕ್ಷಿಯ ಬಳ್ಳಿಯ ಕೆಳಗೆ, ಆಳಿನ ಮುಪ್ಪು ಸಂತೆಯಲ್ಲಿ. ನಮ್ಮ ಕಾಲವು ಅಷ್ಟು ಕ್ರೂರವಲ್ಲವೆಂದು ಹೇಳಿಕೊಳ್ಳೋಣ. ಆದರೆ ತಿಂಗಳಿನ ಮೊದಲಲ್ಲಿ ನನ್ನ ಖಾತೆಗೆ ಬೀಳುವ ಹಣಕ್ಕೂ ಅಕ್ಕಾವರ ಪಾಲುದಾರನ ತಂದೆಗೆ ಬರುವ ವೃದ್ಧಾಪ್ಯ ವೇತನಕ್ಕೂ ಇರುವ ಅಂತರವನ್ನು ನಾನೇ ಕಚೇರಿಯಲ್ಲಿ ಕುಳಿತು ಕಂಡವನು. ನಮ್ಮ ನಂತರ, 2006ರ ಏಪ್ರಿಲ್ 1ರಿಂದೀಚೆಗೆ ಸೇರಿದ ನೌಕರರಿಗೇ ನಮ್ಮಂಥ ಪಿಂಚಣಿಯಿಲ್ಲವೆಂದರೆ ನನ್ನ ಈ ಶರತ್ಕಾಲವು ಒಂದು ಪೀಳಿಗೆಗೆ ಮಾತ್ರ ಒದಗಿದ ಸೌಲಭ್ಯ.

ಮಾಸ್ತರರು: ಇನ್ನೂ ಬಿಗಿಯಾದ ಹಗ್ಗ ಬೇಕಾದರೆ ನಾನೇ ಕೊಡುತ್ತೇನೆ. ನಾವು ಹುಟ್ಟಿದ ಶರಣರ ಸಂಪ್ರದಾಯದಲ್ಲಿ ನಿವೃತ್ತಿಗೆ ಸ್ಥಾನವೇ ಇಲ್ಲ. ಕಾಯಕವು ಗುರು, ಲಿಂಗ, ಜಂಗಮರನ್ನೂ ಬಿಡದು. ಕಾಯಕಕ್ಕೆ ಅರುವತ್ತರ ಗಡುವನ್ನು ಕಲ್ಯಾಣದಲ್ಲಿ ಯಾರೂ ಹಾಕಲಿಲ್ಲ. ಗೀತೆಯ ಮೂರನೆಯ ಅಧ್ಯಾಯವು, ಪಡೆದುದಕ್ಕೆ ಮರಳಿ ಕೊಡದೆ ಉಣ್ಣುವವನನ್ನು ನೇರವಾಗಿ ಕಳ್ಳನೆಂದಿತು. ಹಾಗಾದರೆ ಪಾಂಡವರ ಬೆನ್ನಿಗೆ ಅಡಗಿ ನಿಂತ ಆ ಆರನೆಯ ಕಲ್ಲು ನಾನೇ. ಸರ್ ಎಂ. ವಿಶ್ವೇಶ್ವರಯ್ಯನವರು 1918ರಲ್ಲಿ ದಿವಾನಗಿರಿಯನ್ನು ಬಿಟ್ಟ ಮೇಲೂ ದಶಕಗಳವರೆಗೆ ದುಡಿದರು. ಅವರ ಹೆಸರು ಹೇಳಿದರೆ ಈ ಚಾಪೆಯ ಮೇಲೆ ಮಗ್ಗುಲಾಗಲೂ ನಾಚಿಕೆಯಾಗುತ್ತದೆ.

ಅಕ್ಕ: ಕಳ್ಳಗ ಕಡಬು ಇಟ್ಟಿದ್ದು ನೋಡಲಿಲ್ಲೇನು? ಯಾಕ ಇಡತಾರ? ಹೊಲ ಅಂದ ಮ್ಯಾಲ ಹಕ್ಕಿ ಐತಿ, ಇಲಿ ಐತಿ, ದಾರ್‍ಯಾಗ ಹೋಗೋ ಹುಡುಗ ಐತಿ. ಅವರ ಪಾಲು ಮೊದಲ ತಗದಿಟ್ರ ಅವರು ಕಳ್ಳರಾಗೂದಿಲ್ಲ. ಆಯ್ದಕ್ಕಿ ಲಕ್ಕಮ್ಮನ ಕಥಿ ನೀನ ಹೇಳತಿದ್ದಿ: ಗಂಡ ಒಂದಿನ ಹೆಚ್ಚಿಗಿ ಅಕ್ಕಿ ಆರಿಸಿ ತಂದಾಗ, ನಮಗ್ಯಾಕ ಇಷ್ಟು, ತಿರುಗಿ ಹಾಕಿ ಬಾ ಅಂದ್ಳಂತ. ಆಕಿ ಉಣಬ್ಯಾಡ ಅನ್ನಲಿಲ್ಲ. ದಿನದ್ದು ಉಂಡು ಹೆಚ್ಚಿಂದು ತಿರುಗಿ ಹಾಕು ಅಂದ್ಳು. ಸಾಹೇಬ್ರ, ನಿಮಗ ಪಿಂಚಣಿ ಹೆಚ್ಚಾಗಿದ್ರ ತಿರುಗಿ ಹಾಕೂದು ನಿಮ್ಮ ಕೈಯಾಗ ಐತಿ. ಮಳಿ ನೋಡಿ ಖುಷಿ ಆದ್ರ ಅದನ್ನ ಯಾರ ಅಂಗಳಕ್ಕ ತಿರುಗಿ ಹಾಕತೀರಿ? ಅದು ಯಾರದೂ ಕಡಿಮಿ ಮಾಡಿ ಬಂದಿದ್ದಲ್ಲ.

ಶಿರಸ್ತೇದಾರರು: ಅಕ್ಕಾವರೆ, ನೀವು ಎರಡು ಗಂಟುಗಳನ್ನು ಬೇರೆ ಮಾಡಿದಿರಿ; ಹಣದ್ದು ನ್ಯಾಯದ ಪ್ರಶ್ನೆ, ಮಳೆಯದು ಬೇರೆ. ಒಪ್ಪಿದೆ. ಆದರೂ ಟಾರ್ಪಾಲು ಹೊತ್ತು ಓಡಿದವನು ನನ್ನ ಕಣ್ಣಿನಿಂದ ಹೋಗಲೊಲ್ಲ.

ಅಕ್ಕ: ಹೋಗೂದು ಯಾಕ ಬೇಕು? ಇರವಲ್ಲನ್ಯಾಕ.

ಮಾಸ್ತರರು: ತಾಳಿರಿ. ಇಲ್ಲಿ ನನ್ನ ಸಿದ್ಧಾಂತದ ಒಂದು ಕಾಲು ಮುರಿಯಿತೆಂದು ತೋರುತ್ತದೆ. ಬಿಟ್ಟುದರಿಂದ ಕಂಡಿತೆಂದು ನಾನು ವಾದಿಸಿದೆ. ಬಿಟ್ಟುದೇನು? ಅಕ್ಕ ಹೊಲದ ಆಸ್ಥೆಯನ್ನು ಬಿಟ್ಟಿಲ್ಲ, ಅದರ ಅಧಿಕಾರವನ್ನು ಬಿಟ್ಟಿದ್ದಾಳೆ. ಎಂದು ಬಿತ್ತಬೇಕು, ಎಂದು ಕೊಯ್ಯಬೇಕು, ಎಷ್ಟಕ್ಕೆ ಮಾರಬೇಕು ಎಂಬ ನಿರ್ಣಯವು ಕೈಬಿಟ್ಟಿತು. ಹಸಿಯಿದೆಯೆ, ಕಾಯಿ ಕಟ್ಟಿತೆ ಎಂಬ ಕಳವಳವು ಎದೆಯಲ್ಲಿ ಉಳಿಯಿತು. ನಾಟಕದ ಪ್ರೇಕ್ಷಕನಿಗಾದರೋ ಮೊದಲಿನಿಂದಲೂ ಆ ಕಳವಳವಿರಲಿಲ್ಲ. ಏನನ್ನೂ ಬಿತ್ತದವನಿಗೆ ಗುರೆಳ್ಳಿನ ಹೂವು ಹಳದಿಯ ಒಂದು ಚುಕ್ಕೆ. ವರ್ಷಗಟ್ಟಲೆ ಚಟ್ನಿ ಕುಟ್ಟಿದವಳಿಗೆ ಮಾತ್ರ ಅದು ಕಣ್ಣು ತೆರೆಸುವ ಹಳದಿ.

ಶಿರಸ್ತೇದಾರರು: ಹಾಗಾದರೆ ಅದಕ್ಕೊಂದು ಘೋರವಾದ ದೃಷ್ಟಾಂತವು ಕೂಗಳತೆಯಲ್ಲಿಯೇ ಇದೆ. ಇನ್ನು ಕೆಲವೇ ದಿನಗಳಲ್ಲಿ ಕಿತ್ತೂರಿನಲ್ಲಿ ಉತ್ಸವ. 1824ರ ಅಕ್ಟೋಬರ್ 23ರಂದು, ಇಂಥದೇ ಶರತ್ಕಾಲದಲ್ಲಿ, ಥ್ಯಾಕರೆ ಬಿದ್ದ ಯುದ್ಧದ ನೆನಪು. ಗೆದ್ದ ರಾಣಿಯು ಡಿಸೆಂಬರಿನಲ್ಲಿ ಸೆರೆಯಾಗಿ, ಈ ನಿಮ್ಮ ಬೈಲಹೊಂಗಲದ ಕೋಟೆಯಲ್ಲಿ 1829ರ ಫೆಬ್ರುವರಿಯಲ್ಲಿ ಪ್ರಾಣಬಿಡುವವರೆಗೆ ಕುಳಿತಿದ್ದಳು. ನಡುವೆ ನಾಲ್ಕು ಮಹಾನವಮಿಗಳು ಬಂದುಹೋದವು. ಅಧಿಕಾರವೆಲ್ಲವೂ ಹೋಗಿತ್ತು, ಆಸ್ಥೆಯ ಒಂದು ಎಳೆಯೂ ಹೋಗಿರಲಾರದು. ಕಿತ್ತೂರಿನ ಹೊಲಗಳಲ್ಲಿ ಜೋಳ ಬಿತ್ತಿದರೆ ಅದರ ಸುದ್ದಿಯು ಆಕೆಗೆ ಸುಖವಾದೀತೆ? ನಿಮ್ಮ ಸೂತ್ರದಂತೆ ಚೆನ್ನಮ್ಮನು ನಿವೃತ್ತರಲ್ಲಿ ಅಗ್ರಗಣ್ಯಳು.

ಮಾಸ್ತರರು: ಅಲ್ಲ. ಆಕೆಯಿಂದ ಕಸಿದುಕೊಂಡರು. ಅಕ್ಕ ಕೊಟ್ಟಳು.

ಶಿರಸ್ತೇದಾರರು: ನನಗೆ ಮೇ 31ಕ್ಕೆ ಹಾರ ಹಾಕಿ ಕಳಿಸಿದ್ದು ಕೊಟ್ಟಂತೆಯೋ ಕಸಿದಂತೆಯೋ?

ಮಾಸ್ತರರು: ಕಸಿದಂತೆಯೇ. ಅದನ್ನು ಕೊಟ್ಟಂತೆ ಮಾಡಿಕೊಳ್ಳುವುದು ನಿಮ್ಮ ಪಾಲಿಗೆ ಬಿಟ್ಟ ಕೆಲಸ. ಅದಕ್ಕೆ ಸರಕಾರದ ಆದೇಶವಿಲ್ಲ. ಕಚೇರಿಯ ಅಂಗಳದ ಮಳೆಮಾಪಕವನ್ನು ನೀವು ಈಗಲೂ ಮನಸ್ಸಿನಲ್ಲಿ ನೋಡುತ್ತೀರೆಂದು ನಾನು ಬಲ್ಲೆ. ಬೆಳಿಗ್ಗೆ ಎಂಟೂವರೆಯಾದರೆ, ಎಷ್ಟು ಮಿಲಿಮೀಟರು ಬಿದ್ದಿರಬೇಕೆಂದು ಕಟ್ಟೆಯ ಮೇಲೆ ಕುಳಿತೇ ಅಂದಾಜು ಮಾಡುತ್ತೀರಿ.

ಶಿರಸ್ತೇದಾರರು: ಇಂದು ನಾಲ್ಕರ ಒಳಗೆ. ಸೋಯಾಕ್ಕೆ ಕೇಡಿಲ್ಲ, ಬಿಸಿಲು ಬಿದ್ದರೆ ನಾಳೆಗೆ ಒಣಗುತ್ತದೆ.

ಮಾಸ್ತರರು: ನೋಡಿದಿರಾ! ಬೆಳಗಿನಿಂದ ನನ್ನನ್ನು ಹಿಂಸಿಸಿದ ನೀವು ಆ ಚಹಾದ ಹೊತ್ತಿನಲ್ಲಿ ಟಾರ್ಪಾಲಿನವನ ಸೋಯಾವನ್ನೇ ಅಳೆಯುತ್ತಿದ್ದಿರಿ. ನಿಮ್ಮ ಸುರೇಬಾನದ ಶಬರಿಕೊಳ್ಳವನ್ನು ನೆನೆಯಿರಿ. ಆ ಕೊಳ್ಳದ ಮುದುಕಿಯು ಹಣ್ಣನ್ನು ತಾನು ಕಚ್ಚಿ ನೋಡಿ ರಾಮನಿಗಿಟ್ಟಳೆಂಬುದು ವಾಲ್ಮೀಕಿಯಲ್ಲಿಲ್ಲ, ಅಲ್ಲಿ ವನದ ಫಲಗಳನ್ನು ಕೂಡಿಸಿಟ್ಟಳೆಂದಷ್ಟೆ ಇದೆ. ಕಚ್ಚಿ ನೋಡಿದ್ದನ್ನು ಜನ ಸೇರಿಸಿದರು. ಜನರೇ ಹೆಚ್ಚು ತಿಳಿದವರು. ತಾನು ರುಚಿ ನೋಡಿದ್ದು ಸುಖವೂ ಹೌದು, ಪರರ ಸಲುವಾಗಿಯೂ ಹೌದು, ಎರಡನ್ನೂ ಸೀಳಲಾಗುವುದಿಲ್ಲ. ಬಾರಿಗಿಡಗಳು ಆ ಕೊಳ್ಳದಲ್ಲಿ ಈಗಿನ್ನೂ ಹೂವಿನಲ್ಲಿರಬೇಕು.

ಶಿರಸ್ತೇದಾರರು: ಶಬರಿಗೆ ಒಬ್ಬ ಬರತಕ್ಕವನಿದ್ದ. ನಾನು ಯಾರಿಗಾಗಿ ಕಚ್ಚಿ ನೋಡಲಿ? ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲ, ಮಾಸ್ತರೆ; ಹುಡುಕಬೇಡಿರಿ. ಮಗ ಪುಣೆಯಲ್ಲಿದ್ದಾನೆ, ಮೊಮ್ಮಗಳಿಗೆ ಉತ್ತರಿಯೂ ಚಿತ್ತಿಯೂ ಒಂದೇ.

(ಅಷ್ಟರಲ್ಲಿ ಪಾಲುದಾರನು ಬದುವಿನ ಮೇಲಿನಿಂದ ಇಳಿದು ಬಂದನು.)

ಪಾಲುದಾರ: ಅವ್ವಾರ, ನಾಳೆ ಕಡ್ಲಿ ಬಿತ್ತಾಕ ಕೂರಿಗಿ ಹೇಳಿ ಬಂದೇನ್ರಿ. ಬಿತ್ತಲೇನ್ರಿ?

ಅಕ್ಕ: ಬಿತ್ತೂದು ನಿನಗ ಬಿಟ್ಟಿದ್ದಪಾ. ನನ್ನೇನು ಕೇಳತಿ? (ಕುಳಿತಲ್ಲಿಂದಲೇ ಸೋಯಾ ಕಿತ್ತ ನೆಲದ ಒಂದು ಹಿಡಿ ಮಣ್ಣನ್ನೆತ್ತಿ ಅಂಗೈಯಲ್ಲಿ ಹಿಚುಕಿ, ಬೆರಳು ಬಿಡಿಸಿದಳು, ಮಣ್ಣು ಉದುರದೆ, ಬೆರಳಚ್ಚುಗಳೊಡನೆ ಕಪ್ಪಗೆ ಮಿರುಗುತ್ತ ಹಾಗೆಯೇ ನಿಂತಿತು.) ಉಂಡಿ ಕಟ್ಟಾಕತ್ತೈತಿ ನೋಡು.

ಪಾಲುದಾರ: ಹಂಗಾದ್ರ ಎರಡು ದಿನ ತಡೀತೀನ್ರಿ. ಹದಕ್ಕ ಬರಲಿ.

ಶಿರಸ್ತೇದಾರರು: ಅಕ್ಕಾವರೆ, ಇದನ್ನು ಕಂದಾಯದ ಭಾಷೆಯಲ್ಲಿ ಕಬಜೆಯನ್ನು ಬಿಟ್ಟುಕೊಟ್ಟು ಹುಕುಮನ್ನು ಉಳಿಸಿಕೊಳ್ಳುವುದು ಎನ್ನುತ್ತಾರೆ.

ಅಕ್ಕ: ನಾ ಏನ ಹುಕುಂ ಮಾಡೇನಿ? ಮಣ್ಣು ಉಂಡಿ ಕಟ್ಟತೈತಿ ಅಂದ್ನಿ. ತಮ್ಮಾ, ಆ ಕಡಬಿನ ಡಬ್ಬಿ ಇವನ ಹುಡುಗರಿಗಿ ಕೊಡು. ಸಾಹೇಬ್ರ, ನೀವು ರಾಮದುರ್ಗಕ್ಕ ಹೋಗೂ ಮುಂದ ಆ ನೇಕಾರರ ಮನಿಗೂ ನಾಕು ಹೋಳಿಗಿ ಕಟ್ಟಿಕೊಡತೀನಿ, ಮುಟ್ಟಿಸ್ರಿ. ಮಗ್ಗ ಮತ್ತ ಹಚ್ಚ್ಯಾರೋ ಇಲ್ಲೋ ಕೇಳಿಕೊಂಡು ಬರ್ರಿ.